ಅರವತ್ತೊಂದು ಅನಧಿಕೃತ ಕೋಳಿಗಳು

ಕಾಜಾ ಅಕ್ಕನ ಹೊಲಿಗೆ ಅಂಗಡಿಗೆ ಇರುವುದು ಒಂದೇ ಕಿಟಕಿ, ಅದೂ ತಪ್ಪು ದಿಕ್ಕಿಗೆ. ಗಿರಾಕಿಗಳು ಬರುವ ರಸ್ತೆ ಮುಂದೆ. ಕಿಟಕಿ ತೆರೆಯುವುದು ಹಿಂದಿನ ಹೊಂಡಕ್ಕೆ. ಇಟ್ಟಿಗೆಗೆ ಮಣ್ಣು ತೆಗೆದು ತೆಗೆದು ಆದ ಹೊಂಡ ಅದು. ಇಟ್ಟಿಗೆ ಗೂಡಿನ ಮಾಲೀಕ ಸಾಲದಲ್ಲಿ ಮುಳುಗಿದ, ಹೊಂಡ ನೀರಿನಿಂದ ತುಂಬಿತು. ಜೊಂಡು ಬೆಳೆಯಿತು, ಕಪ್ಪೆ ಬಂತು, ಕಪ್ಪೆಯ ಹಿಂದೆ ನೀರುಹಾವು, ಎಲ್ಲರ ಹಿಂದೆ ಪುರಸಭೆಯ ಚರಂಡಿ. ಅಂಗಡಿಗೆ ಬೆಳಕು ಆ ಕಿಟಕಿಯಿಂದ ಮಾತ್ರ ಬರುವುದರಿಂದ ಅಕ್ಕನ ಮಿಷಿನ್ ಅದರ ಮುಂದೆಯೇ ಕೂತಿದೆ. ಒಂದು ಸಾಲು ಹೊಲಿಗೆ ಮುಗಿದರೆ ಕತ್ತು ಹಿಡಿದುಕೊಳ್ಳುತ್ತದೆ, ತಲೆ ಎತ್ತಬೇಕು. ಎತ್ತಿದರೆ ಹೊಂಡ. ಇಪ್ಪತ್ತು ವರ್ಷ ಹೀಗೆ ತಲೆ ಎತ್ತಿದ್ದೇ ಆಕೆಯ ಪ್ರಕೃತಿ ಅಧ್ಯಯನ.

ಚಿಕ್ಕಂದಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರುವ ತೂತು, ಹೊಲಿಯಲು ಕೂತವಳು. ಆ ಹೆಸರು ಅಂಟಿತು. ಈಗ ಪುರಸಭೆಯ ಪೌರಕಾರ್ಮಿಕರಿಂದ ಹಿಡಿದು ಆರೋಗ್ಯ ನಿರೀಕ್ಷಕರ ತನಕ ಎಲ್ಲರ ಸಮವಸ್ತ್ರ ಆಕೆಯದೇ. ಊರಿನಲ್ಲಿ ಯಾರ ಹೊಟ್ಟೆ ಯಾವ ವರ್ಷ ಎಷ್ಟು ಮುಂದೆ ಬಂತು ಎಂಬುದು ಆಕೆಯ ಅಳತೆ ಪುಸ್ತಕದಲ್ಲಿದೆ. ಆರೋಗ್ಯ ನಿರೀಕ್ಷಕರು ಕೆಲಸಕ್ಕೆ ಸೇರಿದಾಗ ಸೊಂಟ ಮೂವತ್ತು. ಈಗ ನಲವತ್ತೆರಡು. ಊರಿನ ಆರೋಗ್ಯದ ಬಗ್ಗೆ ಅದಕ್ಕಿಂತ ನಂಬಿಕಸ್ತ ದಾಖಲೆ ಬೇರೆ ಇಲ್ಲ.

ಹಕ್ಕಿಗಳು ಆ ಪುಸ್ತಕಕ್ಕೆ ಸೇರಿದ್ದು ಸಿಟ್ಟಿನಿಂದ. ಒಬ್ಬ ಗಿರಾಕಿ ಹೊಲಿದಿಟ್ಟ ಪ್ಯಾಂಟು ಒಯ್ಯಲು ತಿಂಗಳಾದರೂ ಬರಲಿಲ್ಲ. ಅವನ ಅಳತೆಯ ಕೆಳಗೆ ಅಕ್ಕ "ಬಂದಿಲ್ಲ" ಎಂದು ಬರೆದಳು. ತಲೆ ಎತ್ತಿದರೆ, ಪ್ರತಿ ವರ್ಷ ಆ ಹೊತ್ತಿಗೆ ಬಂದು ತೇಲುತ್ತಿದ್ದ ಕರಿಯ ನಾಮಕೋಳಿಗಳೂ ಹೊಂಡದಲ್ಲಿರಲಿಲ್ಲ. ಅದೇ ಸಿಟ್ಟಿನಲ್ಲಿ ಕೆಳಗಿನ ಸಾಲಿನಲ್ಲಿ ಬರೆದಳು: "ನಾಮಕೋಳಿ. ಅವೂ ಬಂದಿಲ್ಲ." ಹತ್ತು ದಿನದ ಮೇಲೆ ನಾಮಕೋಳಿಗಳು ಬಂದವು, ಗಿರಾಕಿ ಬರಲಿಲ್ಲ. ಅಂದಿನಿಂದ ಆಕೆಗೆ ಹಕ್ಕಿಗಳ ಮೇಲೆ ಸ್ವಲ್ಪ ಮರ್ಯಾದೆ ಹುಟ್ಟಿತು.

ಆಮೇಲೆ ದಿನಾ ಬರೆದಳು. ದುರ್ಬೀನಿಲ್ಲ, ಕ್ಯಾಮೆರಾ ಇಲ್ಲ, ಬಣ್ಣ ಹೇಳಲು ಬೇಕಾದ ಮಾತೂ ಇಲ್ಲ. ದಾರ ಇತ್ತು. ಹಕ್ಕಿಯ ಬಣ್ಣಕ್ಕೆ ಹೊಂದುವ ದಾರ ಹುಡುಕಿ, ಅರ್ಧ ಬೆರಳುದ್ದ ಕತ್ತರಿಸಿ, ಹೆಸರಿನ ಪಕ್ಕ ಒಂದು ಟಾಕು ಹಾಕುವಳು. ನಾಮಕೋಳಿಗೆ ಕಪ್ಪು ದಾರ, ಹಣೆಗೆ ಬಿಳಿ. ನೀರುಕೋಳಿಯ ಕೊಕ್ಕಿಗೆ ಕೆಂಪು, ತುದಿಗೆ ಹಳದಿ. ಹುಂಡುಕೋಳಿಗೆ ಎದೆಗೆ ಬಿಳಿ, ಬಾಲದಡಿಗೆ ತುಕ್ಕಿನ ಬಣ್ಣ. ಜಂಬುಕೋಳಿಯ ನೇರಳೆ ಮಿಶ್ರಿತ ನೀಲಿಗೆ ಸರಿಯಾದ ದಾರ ಸಿಗದೆ ಎರಡು ವರ್ಷ ಆ ಜಾಗ ಖಾಲಿ ಬಿಟ್ಟಿದ್ದಳು. "ಹತ್ತಿರದ ಬಣ್ಣ ಹಾಕಿದ್ರೆ ಏನಾಗ್ತಿತ್ತು?" ಎಂದು ನಾನೊಮ್ಮೆ ಕೇಳಿದ್ದೆ. "ಹತ್ತಿರದ ಅಳತೆಗೆ ಪ್ಯಾಂಟು ಹೊಲಿದ್ರೆ ಏನಾಗುತ್ತೋ ಅದು," ಎಂದಳು.

ಅಂಗಡಿಯ ಮೆಟ್ಟಿಲ ಮೇಲೆ ಆಕೆಯ ಅತ್ತೆ ಕೂತಿರುತ್ತಾಳೆ. ಹಳೆಯ ಅಂಗಿಗಳಿಂದ ಗುಂಡಿ ಕಿತ್ತು ಡಬ್ಬಕ್ಕೆ ಹಾಕುವುದು ಅವಳ ಕೆಲಸ. ಕಣ್ಣು ಮಂಜಾಗಿದೆ, ನಾಲಿಗೆ ಚೂಪಾಗಿದೆ. ಲಾರಿ ಓಡಿಸುವ ಮಗ ತಿಂಗಳಿಗೆರಡು ಸಲ ಮನೆ ಕಾಣುವವನು. "ಕೋಳಿ ಬಂತಾ ಇಲ್ವಾ ಅಂತ ಬರೀತೀಯಲ್ಲೇ, ನನ್ ಮಗ ಬಂದಿದ್ದನ್ನೂ ಬರ್ಕೋ ಪುಣ್ಯಾತ್ಗಿತ್ತಿ," ಎನ್ನುತ್ತಿದ್ದಳು. "ಬರೀತೀನಿ ಅತ್ತೆ, ಯಾವ ಬಣ್ಣದ ದಾರ ಹಾಕ್ಲಿ ಹೇಳಿ," ಎಂದು ಸೊಸೆ.

ಊರಿನಲ್ಲಿ ಪ್ರಕೃತಿ ನೋಡುವವರದೇ ಒಂದು ಬಳಗವಿದೆ. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಅಧ್ಯಕ್ಷರು. ಮೊಳದುದ್ದದ ಕ್ಯಾಮೆರಾ ಹಿಡಿದ ದಂತವೈದ್ಯರೊಬ್ಬರು ಕಾರ್ಯದರ್ಶಿ. ಹಲ್ಲು ಕೀಳುವಾಗ ರೋಗಿಯ ಬಾಯಿ ತೆರೆಸಿಟ್ಟು ತಾನು ಕಂಡ ಗರುಡನ ಕತೆ ಹೇಳುವವರು. ಪ್ರತಿ ಭಾನುವಾರ ಎಲ್ಲರೂ ಒಂದೇ ಬಣ್ಣದ ಟೋಪಿ ಹಾಕಿ ವ್ಯಾನಿನಲ್ಲಿ ನೂರು ಮೈಲಿ ಹೋಗಿ, ಅಲ್ಲಿಗೆ ಸಾವಿರ ಮೈಲಿಯಿಂದ ಬಂದ ಹಕ್ಕಿಯನ್ನು ನೋಡಿ ಬರುತ್ತಾರೆ. ಹಕ್ಕಿಯೂ ಇವರೂ ಸುಸ್ತಾಗಿರುತ್ತಾರೆ. ಅವರ ನಿಯಮ ಒಂದೇ: ಫೋಟೋ ಇಲ್ಲದ ಹಕ್ಕಿ ಹಕ್ಕಿಯಲ್ಲ.

ಒಮ್ಮೆ ಆ ಅಧ್ಯಕ್ಷರು ಟೋಪಿಯ ಪಟ್ಟಿ ಹೊಲಿಸಲು ಅಂಗಡಿಗೆ ಬಂದವರು ಅಳತೆ ಪುಸ್ತಕ ಕಂಡರು. ಪುಟ ತಿರುವಿದರು. ಒಂದು ಪುಟ ಹೀಗಿತ್ತು: "ಹುಂಡುಕೋಳಿ ೪. ಒಂದಕ್ಕೆ ಎಡಗಾಲು ಕುಂಟು. ಶಾಲೆ ಜವಾನ, ತೋಳು ೨೩. ನೀರುಕೋಳಿ ಮರಿ ೫, ನಿನ್ನೆ ೬ ಇತ್ತು, ಹಾವಿನ ಮೇಲೆ ಅನುಮಾನ. ಆರೋಗ್ಯ ಇನ್ಸ್‌ಪೆಕ್ಟರ್ ಸೊಂಟ ೩೮, ಒಳಗೆ ಎರಡು ಇಂಚು ಬಿಟ್ಟಿದೆ, ಬೇಕಾಗುತ್ತೆ."

ಅಧ್ಯಕ್ಷರು ನಕ್ಕರು. "ಅಮ್ಮಾ, ಹವ್ಯಾಸ ಚೆನ್ನಾಗಿದೆ. ಆದರೆ ಇದು ಶಾಸ್ತ್ರೀಯ ಅಲ್ಲ."

"ನಿಮ್ಮ ಜೇಬಿನ ಹೊಲಿಗೆ ಬಿಟ್ಟಿದೆ ಸಾರ್," ಎಂದಳು ಅಕ್ಕ. "ಅದೂ ಶಾಸ್ತ್ರೀಯ ಅಲ್ಲ. ಕೊಡಿ ಇಲ್ಲಿ."

"ಮತ್ತೆ, ಇವೆಲ್ಲ ತೀರಾ ಸಾಮಾನ್ಯ ಹಕ್ಕಿಗಳು ನೋಡಿ."

ಸಾಮಾನ್ಯ. ನನ್ನಂತೆ ನಲವತ್ತು ವರ್ಷ ಬೀದಿಯಲ್ಲಿ ಘೋಷಣೆ ಕೂಗಿದವರಿಗೆ ಆ ಪದದ ರುಚಿ ಗೊತ್ತು. ಭಾಷಣದಲ್ಲಿ 'ಸಾಮಾನ್ಯ ಜನ' ಎಂದು ಕರೆಸಿಕೊಂಡವರ ಗುಡಿಸಲೇ ಮೊದಲು ನೆಲಸಮವಾಗುತ್ತದೆ. ಹಕ್ಕಿಗಳಿಗೂ ಅದೇ ಆಯಿತು.

ಹೊಂಡ ಮುಚ್ಚುತ್ತಾರೆಂಬ ಸುದ್ದಿ ಮೊದಲು ಸಿಕ್ಕಿದ್ದು ಅಕ್ಕನಿಗೇ, ಅದೂ ಬಟ್ಟೆಯ ರೂಪದಲ್ಲಿ. ಪುರಸಭೆಯ ಗುಮಾಸ್ತನೊಬ್ಬ ನೀಲಿ ಬಟ್ಟೆಯ ಥಾನು ತಂದು ಮೇಜಿನ ಮೇಲೆ ಹಾಕಿದ. "ಹನ್ನೆರಡು ಅಂಗಿ ಅಕ್ಕ. ಪಾರ್ಕಿಂಗ್ ಜಾಗದ ಕಾವಲಿನವರಿಗೆ."

"ಯಾರ್ಯಾರಿಗೆ? ಅಳತೆ ಕೊಡು."

"ಇನ್ನೂ ಯಾರನ್ನೂ ತಗೊಂಡಿಲ್ಲ. ಅಂದಾಜಿಗೆ ಹೊಲೀರಿ."

ಆಕೆ ಥಾನು ಬಿಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹಾಕಿದ ಮೇಲೆ ಕೇಳಿದಳು: "ಪಾರ್ಕಿಂಗ್ ಎಲ್ಲಿದೆಯಪ್ಪಾ?"

"ನಿಮ್ಮ ಹಿಂದೆ," ಎಂದ ಗುಮಾಸ್ತ.

ಅಕ್ಕ ಹಿಂದೆ ತಿರುಗಿದಳು. ಹೊಂಡದಲ್ಲಿ ಜಂಬುಕೋಳಿಯೊಂದು ಕೆಂಪು ಕಾಲನ್ನು ಎತ್ತಿ ಎತ್ತಿಟ್ಟು ಎಲೆಯ ಮೇಲೆ ನಡೆಯುತ್ತಿತ್ತು. ಥಾನಿನ ಬಣ್ಣವೂ ಅದರ ಮೈಬಣ್ಣವೂ ಒಂದೇ. ಎರಡು ವರ್ಷ ಹುಡುಕಿದ ಬಣ್ಣ ಪುರಸಭೆಯ ಗೋದಾಮಿನಲ್ಲಿತ್ತು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ," ಎಂದಳು ಅತ್ತೆ ಮೆಟ್ಟಿಲಿಂದ. "ಅದೂ ನಿನ್ ಕೈಲೇ ಹೊಲಿಸ್ತಾವ್ರೆ. ಹೊಲಿ, ಹೊಲಿ."

ವಿಚಾರಿಸಿದಾಗ ಗೊತ್ತಾದದ್ದು ಇಷ್ಟು. ಹೊಂಡ ಮುಚ್ಚುವ ಮೊದಲು ಅಲ್ಲಿ ಜೀವಿಗಳಿವೆಯೇ ಎಂದು ಕೇಳಬೇಕೆಂಬ ನಿಯಮವಿದೆ. ಪುರಸಭೆ ಪ್ರಕೃತಿ ಬಳಗಕ್ಕೆ ಪತ್ರ ಬರೆದು ಕೇಳಿತ್ತು. ಬಳಗ ಅಂಗಡಿಯ ಹಿಂದಕ್ಕೂ ಬರದೆ ಉತ್ತರ ಕೊಟ್ಟಿತ್ತು: "ಸದರಿ ಸ್ಥಳದಲ್ಲಿ ಗಮನಾರ್ಹ ಪಕ್ಷಿಗಳು ಇಲ್ಲ." ಕಡತದಲ್ಲಿ ಸಾರಾಂಶ ಬರೆಯುವಾಗ ಗುಮಾಸ್ತನಿಗೆ ಒಂದು ಪದ ಹೆಚ್ಚೆನಿಸಿತು. "ಸದರಿ ಸ್ಥಳದಲ್ಲಿ ಪಕ್ಷಿಗಳು ಇಲ್ಲ." ಆಯಿತು, ಮುಗಿಯಿತು. ಒಂದು ವಿಶೇಷಣ ಬಿದ್ದುಹೋದದ್ದಕ್ಕೆ ಕಾಗದದ ಮೇಲೆ ಒಂದು ಹೊಂಡ ಖಾಲಿಯಾಯಿತು. ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟಿದ್ದರು, ಹನ್ನೊಂದು ಕಳೆದಿತ್ತು.

ನಾವು ಬಂದದ್ದು ಆಗ. ನಾವೆಂದರೆ ಹೊಂಡ ಉಳಿಸುವ ಸಮಿತಿ: ಏಳು ಜನ, ಎಂಟು ಅಭಿಪ್ರಾಯ. ಮೊದಲ ಸಭೆಯಲ್ಲಿ ಎರಡು ಗಂಟೆ ಸಮಿತಿಯ ಹೆಸರಿನಲ್ಲಿ 'ಹೊಂಡ' ಇರಬೇಕೋ 'ಜಲಮೂಲ' ಇರಬೇಕೋ ಎಂದು ಕಿತ್ತಾಡಿದೆವು. ಅಕ್ಕ ಕಾಜಾ ಹೊಲಿಯುತ್ತ ಕೇಳಿಸಿಕೊಂಡಳು. ಕೊನೆಗೆ, "ನೀವು ಹೆಸರಿಡೋದ್ರೊಳಗೆ ಅವರು ಮುಚ್ಚಿರ್ತಾರೆ. ತಗೊಳ್ಳಿ," ಎಂದು ಅಳತೆ ಪುಸ್ತಕ ಎಸೆದಳು.

ಅದರ ಕೊನೆಯ ವಾರದ ಲೆಕ್ಕವನ್ನು ನಾವು ಒಂದು ಹಾಳೆಗೆ ಇಳಿಸಿದೆವು. ನಾಮಕೋಳಿ ೨೭. ನೀರುಕೋಳಿ ೧೬. ಜಂಬುಕೋಳಿ ೧೨. ಹುಂಡುಕೋಳಿ ೬. ಕೆಳಗೆ ಮಿಂಚುಳ್ಳಿ, ಕೊಕ್ಕರೆ, ಹಾವು, ಕಪ್ಪೆ ಇತ್ಯಾದಿ. "ಮೇಲ್ಕಂಡವು ಅಂಗಡಿಯ ಹಿಂದಿನ ಹೊಂಡದಲ್ಲಿ ವಾಸವಾಗಿವೆ" ಎಂದು ಒಕ್ಕಣೆ ಹಾಕಿ ಅಕ್ಕನ ಸಹಿ ಮಾಡಿಸಿ, ಪುರಸಭೆಯ ಟಪಾಲು ವಿಭಾಗಕ್ಕೆ ಕೊಟ್ಟು ಮೊಹರು ಹಾಕಿಸಿಕೊಂಡೆವು. ಮೂವತ್ತು ಚಳವಳಿ ಮಾಡಿದ ನಮ್ಮಲ್ಲಿ ಒಬ್ಬನಿಗೂ ಆ ಹಾಳೆ ಸರ್ಕಾರದ ಕಣ್ಣಿಗೆ ಹೇಗೆ ಕಾಣುತ್ತದೆಂದು ಹೊಳೆಯಲಿಲ್ಲ. ಹಕ್ಕಿ ನೋಡದವನಿಗೆ ನಾಮಕೋಳಿಯೂ ಕೋಳಿಯೇ, ನೀರುಕೋಳಿಯೂ ಕೋಳಿಯೇ.

ಟಪಾಲಿನವನು ನಾಲ್ಕು ಸಾಲಿನಲ್ಲಿ ನಾಲ್ಕು ಸಲ 'ಕೋಳಿ' ಎಂಬುದನ್ನು ಕಂಡ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ, ಕೂಡಿಸಿದ, ಆರೋಗ್ಯ ಶಾಖೆಗೆ ಕಳಿಸಿದ. ಮೂರನೇ ದಿನ ಆರೋಗ್ಯ ನಿರೀಕ್ಷಕರೇ ಅಂಗಡಿಗೆ ಬಂದರು. ಒಂದು ಕೈಯಲ್ಲಿ ನೋಟೀಸು, ಇನ್ನೊಂದು ಕೈಯಲ್ಲಿ ಸಡಿಲ ಮಾಡಿಸಬೇಕಾದ ಪ್ಯಾಂಟು.

ನೋಟೀಸು ಹೇಳುತ್ತಿತ್ತು: "ತಾವು ತಮ್ಮ ಅಂಗಡಿಯ ಹಿಂಭಾಗದಲ್ಲಿ ಒಟ್ಟು ಅರವತ್ತೊಂದು ಕೋಳಿಗಳನ್ನು ಪರವಾನಗಿ ಇಲ್ಲದೆ ಸಾಕಿರುವುದು ತಮ್ಮದೇ ಸಹಿಯಿಂದ ದೃಢಪಟ್ಟಿರುತ್ತದೆ. ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಅಕ್ಕ ಓದಿದಳು. ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಅತ್ತೆ ಗುಂಡಿಯ ಡಬ್ಬ ಕೆಳಗಿಟ್ಟಳು. "ಅರವತ್ತೊಂದು ಕೋಳಿ ಸಾಕೀಯಾ? ಒಂದ್ ದಿನ ಒಂದ್ ಮೊಟ್ಟೆ ಕಾಣೆನಲ್ಲೇ ನಾನು!"

"ಸಾಹೇಬ್ರೇ, ಇವು ಆ ಕೋಳಿ ಅಲ್ಲ," ಎಂದಳು ಅಕ್ಕ.

"ಕೋಳಿ ಅಂತ ನೀವೇ ಬರ್ದಿದೀರಲ್ಲ."

"ನಾಮಕೋಳಿ."

"ಯಾವ ಜಾತಿ ಅಂತ ನಮಗೆ ಬೇಡ ಅಕ್ಕ. ನಾಟಿ ಆಗ್ಲಿ, ಫಾರಂ ಆಗ್ಲಿ, ನಾಮದ್ದಾಗ್ಲಿ. ಪರವಾನಗಿ ಇಲ್ಲ ಅಷ್ಟೇ."

"ನಾಮ ನೀವು ಊರಿಗೆಲ್ಲ ಹಾಕಿದೀರಿ. ಈ ಹಕ್ಕಿ ಒಂದೇ ತಾನಾಗಿ ಹಾಕ್ಕೊಂಡಿರೋದು. ಕಿಟಕೀಲಿ ನೋಡಿ ಒಂದ್ಸಲ."

ನಿರೀಕ್ಷಕರು ಕಿಟಕಿಯಲ್ಲಿ ಬಗ್ಗಿ ನೋಡಿದರು. ಹೊಂಡದ ನಡುವೆ ಕರಿಯ ಹಕ್ಕಿಗಳು ತೇಲುತ್ತಿದ್ದವು. ಅವರಿಗೆ ತಿಳಿಯಿತು, ಅಯ್ಯೋ ಎನಿಸಿತು, ಮುಖದಲ್ಲಿ ಕಂಡಿತು. ಕೆಟ್ಟ ಮನುಷ್ಯನೇನಲ್ಲ. ಆದರೆ ಮೊಹರು ಬಿದ್ದ ನೋಟೀಸು ತಪ್ಪೆಂದು ಬರೆಯುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ, ನೋಟೀಸು ಬರೆದವನಿಗಂತೂ ಇರುವುದೇ ಇಲ್ಲ.

"ಒಂದ್ ಕೆಲ್ಸ ಮಾಡಿ," ಎಂದರು ತಗ್ಗಿದ ದನಿಯಲ್ಲಿ. "'ಸದರಿ ಸ್ಥಳದಲ್ಲಿ ಯಾವುದೇ ಕೋಳಿ ಇಲ್ಲ' ಅಂತ ಒಂದ್ ಸಾಲು ಬರ್ಕೊಡಿ. ಕಡತ ಮುಚ್ತೀನಿ. ಸೋಮವಾರ ಮಣ್ಣು ಹಾಕೋರು ಬರ್ತಾರೆ. ಎಲ್ರಿಗೂ ಒಳ್ಳೇದು."

"'ಇವೆ' ಅಂತ ಬರ್ಕೊಟ್ರೆ?"

"ಅಪರಾಧ ಒಪ್ಕೊಂಡಂಗೆ. ಪುರಸಭೆ ಸಮವಸ್ತ್ರದ ಪಟ್ಟಿಯಿಂದ ನಿಮ್ಮ ಹೆಸರು ತೆಗೀತಾರೆ. ನಿಯಮ. ನಾನೇನೂ ಮಾಡಕ್ಕಾಗಲ್ಲ. ಪ್ಯಾಂಟು ಯಾವಾಗ ಕೊಡ್ತೀರಿ?"

ಆ ಮೂರು ದಿನ ನಮ್ಮ ಸಮಿತಿ ತನ್ನ ಶಕ್ತಿಯಷ್ಟೂ ಮಾತಾಡಿತು. ಧರಣಿ ಎಂದ ಒಬ್ಬ, ಮೆರವಣಿಗೆ ಎಂದ ಇನ್ನೊಬ್ಬ. ಮೂರನೆಯವನು ಹಾಡು ಬರೆದು ತಂದಿದ್ದ, ಅದರಲ್ಲಿ ನಾಮಕೋಳಿಗೆ ಪ್ರಾಸವಾಗಿ ಬಿರುಗಾಳಿ ಬೀಸುತ್ತಿತ್ತು. ನಾನು ಬಳಗದ ಅಧ್ಯಕ್ಷರ ಮನೆಗೆ ಹೋಗಿ, "ಇವು ಸಾಕುಕೋಳಿ ಅಲ್ಲ, ಇಲ್ಲಿ ಇವೆ ಅಂತ ಒಂದು ಪತ್ರ ಕೊಡಿ" ಎಂದು ಕೇಳಿದೆ. ಅವರು ಕಾಫಿ ಕೊಟ್ಟರು, ಸೋಫಾದ ಮೇಲೆ ಕೂರಿಸಿದರು, ದೂರದ ಸರೋವರದಲ್ಲಿ ತಾವು ಕಂಡ ಹಕ್ಕಿಯ ನಲವತ್ತು ಫೋಟೋ ತೋರಿಸಿದರು. ಪತ್ರಕ್ಕೆ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಬೇಕಂತೆ; ಸಮಿತಿ ಸೇರುವುದು ಮುಂದಿನ ತಿಂಗಳಂತೆ. "ಅಲ್ಲದೆ, ಪುರಸಭೆ ಜೊತೆ ನಮ್ಮ ಸಂಬಂಧ ಚೆನ್ನಾಗಿದೆ ನೋಡಿ," ಎಂದರು. ಸಂಬಂಧ ಚೆನ್ನಾಗಿರುವುದು ಏತಕ್ಕೆಂದು ಕೇಳೋಣವೆನಿಸಿತು, ಕಾಫಿ ಕುಡಿದು ಬಂದೆ.

ಎರಡನೇ ದಿನ ಅಕ್ಕ ನೋಟೀಸಿನ ಬೆನ್ನು ನೋಡಿದಳು. ಕಾರಣ ಕಾನೂನಲ್ಲ, ಕಾಲರು. ಒಂದು ಬದಿ ಖಾಲಿ ಇರುವ ಕಾಗದವನ್ನು ಆಕೆ ಎಂದೂ ಎಸೆಯುವವಳಲ್ಲ. ಕಾಲರಿನ ಆಕಾರ ಬರೆದು ಕತ್ತರಿಸಿ ಅಚ್ಚು ಮಾಡಿಕೊಳ್ಳುತ್ತಾಳೆ. ಮಗುಚಿದರೆ ಬೆನ್ನೂ ಖಾಲಿ ಇರಲಿಲ್ಲ, ಇರುವೆ ಸಾಲಿನಂಥ ಅಕ್ಷರ ತುಂಬಿತ್ತು. "ಒಂದ್ ಕಡೆ ಬೈಯಕ್ಕೆ ಸಾಲ್ದೆ ಎರಡೂ ಕಡೆ ಬೈದವ್ರೆ," ಎಂದು ಗೊಣಗಿ, ಕಾಗದ ಹಾಳಾದ ಸಿಟ್ಟಿಗೆ ಓದಲು ಕೂತಳು. ಪುರಸಭೆಯವರು ಅರ್ಜಿಗೆ ಉತ್ತರವಾಗಿ 'ಹಿಂಬರಹ' ಎಂದು ಕೊಡುವುದು ಯಾವಾಗಲೂ ಮುಂಬದಿಯಲ್ಲೇ ಇರುತ್ತದೆ. ನಿಜವಾದ ಹಿಂಬರಹ ಅಂದು ಸಿಕ್ಕಿತು. ಏಳನೇ ಷರತ್ತು: "ಅನಧಿಕೃತ ಪ್ರಾಣಿ ಪಕ್ಷಿಗಳನ್ನು ಪೂರ್ತಿಯಾಗಿ ಜಪ್ತಿ ಮಾಡಿ ಎಣಿಸಿ ಮಹಜರು ಆಗುವವರೆಗೆ ಸದರಿ ಸ್ಥಳದಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ."

ಆಕೆ ನನ್ನನ್ನು ಕರೆಸಿದಳು. "ಇದರರ್ಥ ನಾನಂದ್ಕೊಂಡಿದ್ದೇನಾ?"

ನಾನು ಎರಡು ಸಲ ಓದಿದೆ. "ಅರವತ್ತೊಂದನ್ನೂ ಹಿಡಿಯೋ ತನಕ ಒಂದು ಬುಟ್ಟಿ ಮಣ್ಣೂ ಹಾಕೋ ಹಾಗಿಲ್ಲ ಅಕ್ಕ. ಆದ್ರೆ ಅದಕ್ಕೆ ನೀನು 'ಇವೆ' ಅಂತ ಬರೀಬೇಕು. ಸಮವಸ್ತ್ರದ ಕೆಲಸ ಹೋಗುತ್ತೆ."

"ಹೋಗುತ್ತೆ."

"ಯೋಚ್ನೆ ಮಾಡು. ನಿನ್ನ ಅರ್ಧ ಕೆಲಸ ಅದೇ."

"ಅರ್ಧ ಅಲ್ಲ, ಮುಕ್ಕಾಲು. ಅಳತೆ ತಪ್ಪು ಹೇಳ್ಬೇಡಿ."

ಅತ್ತೆ ಮೆಟ್ಟಿಲಿಂದಲೇ ತೀರ್ಪು ಕೊಟ್ಟಳು: "ಇದ್ದಿದ್ದು ಇದ್ದಂಗೆ ಹೇಳಿದ್ರೆ ಎದ್ದ್ ಬಂದು ಎದೆಗ್ ಒದ್ರಂತೆ. 'ಇಲ್ಲ' ಅಂತ ಬರ್ದು ಕೊಡೇ. ಕೋಳಿ ಏನು ಬಂದು ಓದ್ತಾವಾ?"

ಅಕ್ಕ ಒಂದು ಅಂಗಿ ಎಳೆದುಕೊಂಡು ಮಡಿಸಿದಳು. ಮೇಜಿನ ಮೇಲೆ ಹನ್ನೆರಡು ನೀಲಿ ಅಂಗಿ ಗುಂಡಿ ಹಚ್ಚುವುದೊಂದು ಬಿಟ್ಟು ಮುಗಿದು ಕೂತಿದ್ದವು. ಒಪ್ಪಿಕೊಂಡ ಕೆಲಸ, ಹೊಲಿದಿದ್ದಳು. ಆಮೇಲೆ ಹೇಳಿದಳು: "ಇಪ್ಪತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದು ಅಳತೆ ಸುಳ್ಳು ಬರ್ದಿಲ್ಲ ಅತ್ತೆ. ಇನ್ಸ್‌ಪೆಕ್ಟ್ರು 'ಒಂದಿಂಚು ಕಮ್ಮಿ ಬರ್ಕೋ, ನನ್ ಹೆಂಡ್ತಿ ನೋಡ್ತಾಳೆ' ಅಂದಾಗ್ಲೂ ಬರೀಲಿಲ್ಲ. ಇರೋದನ್ನ ಇಲ್ಲ ಅಂತ ಒಂದ್ಸಲ ಬರೆದ್ರೆ, ಹಿಂದೆ ಬರ್ದಿದ್ದೆಲ್ಲ ಏನು? ಚಿಂದಿ."

"ಹಂಗಾದ್ರೆ ಅವನ್ನೇ ಬೇಯಿಸ್ಕೊಂಡ್ ತಿನ್ನು," ಎಂದು ಅತ್ತೆ ಗುಂಡಿ ಕೀಳತೊಡಗಿದಳು.

ಸಮಜಾಯಿಷಿಗೆಂದು ಬಿಟ್ಟ ಜಾಗದಲ್ಲಿ ಅಕ್ಕ ಒಂದೇ ಪದ ಬರೆದಳು: "ಇವೆ." ಕೆಳಗೆ ಸಹಿ. ಪಕ್ಕದಲ್ಲಿ ನಾಲ್ಕು ಟಾಕು, ನಾಲ್ಕು ಬಣ್ಣದ ದಾರ. ಟಪಾಲಿನವನು ದಾರ ಕೀಳಲು ನೋಡಿದ, ಬರಲಿಲ್ಲ. ಆಕೆಯ ಹೊಲಿಗೆ ಹಾಗೆ ಬರುವುದಿಲ್ಲ.

ಎರಡೇ ದಿನದಲ್ಲಿ ಸಮವಸ್ತ್ರದ ಪಟ್ಟಿಯಿಂದ ಹೆಸರು ಹೋಯಿತು. ಪುರಸಭೆ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕೆಲಸ ಬಸ್ ನಿಲ್ದಾಣದ ಬಳಿಯ ಹೊಸ ದರ್ಜಿಗೆ ಹೋಯಿತು. ಆದರೆ ಸೋಮವಾರ ಮಣ್ಣಿನ ಲಾರಿಗಳೂ ಬರಲಿಲ್ಲ. ಏಳನೇ ಷರತ್ತು ತಮ್ಮ ನೋಟೀಸಿನ ಬೆನ್ನಲ್ಲೇ ಇರುವುದು ಪುರಸಭೆಗೂ ಆಗಲೇ ಗೊತ್ತಾಗಿದ್ದು. ಜಪ್ತಿ ಆಗಲೇಬೇಕಿತ್ತು.

ಜಪ್ತಿಯ ದಿನ ಮಟಮಟ ಮಧ್ಯಾಹ್ನ ಆರೋಗ್ಯ ಶಾಖೆಯ ಎಂಟು ಜನ ಬಲೆ, ಬುಟ್ಟಿ, ಒಂದು ಚೀಲ ಜೋಳದ ಸಮೇತ ಬಂದರು. ನಿರೀಕ್ಷಕರು ದಡದಲ್ಲಿ ನಿಂತು ಬೆರಳು ತೋರಿಸಿದರು. ನಾವು ಘೋಷಣೆ ಕೂಗಲು ಬಂದವರು, ಕೂಗುವ ಅವಶ್ಯಕತೆ ಕಾಣದೆ ಸುಮ್ಮನೆ ನಿಂತೆವು. ಬಳಗದ ದಂತವೈದ್ಯರು ಕ್ಯಾಮೆರಾ ಹಿಡಿದು ಓಡಿ ಬಂದಿದ್ದರು. ಆ ಹೊಂಡಕ್ಕೆ ಅವರ ಮೊದಲ ಭೇಟಿ ಅದು.

ಮೊದಲನೆಯವನು ಜೋಳ ಚೆಲ್ಲಿ "ಬಾ ಬಾ ಬಾ" ಎಂದು ಕರೆದ. ನಾಮಕೋಳಿಗಳು ತಲೆ ತಿರುಗಿಸಿ ನೋಡಿ, ಹೊಂಡದ ನಡುವಿಗೆ ಹೋಗಿ ಕೂತವು. ಎರಡನೆಯವನು ಹುಂಡುಕೋಳಿಯ ಹಿಂದೆ ಓಡಿದ. ಅದು ಜೊಂಡಿನೊಳಗೆ ಸೂಜಿಯಂತೆ ತೂರಿತು, ಇವನು ಮೊಣಕಾಲ ತನಕ ಇಳಿದ. ಅವನನ್ನು ಎಳೆಯಲು ಹೋದವನು ಸೊಂಟದ ತನಕ ಇಳಿದ. ಜಂಬುಕೋಳಿಯೊಂದು ಎಲೆಯಿಂದ ಎಲೆಗೆ ನಡೆಯುತ್ತ, ಕೆಸರಿನಲ್ಲಿ ಕೂತ ಮೂವರನ್ನೂ ಮೇಲಿಂದ ಕೆಳಗೆ ನೋಡಿ, ಬಾಲ ಕೊಂಕಿಸಿ ಮುಂದೆ ಹೋಯಿತು. ಸರ್ಕಾರಿ ನೌಕರರನ್ನು ಹಾಗೆ ನೋಡುವ ಧೈರ್ಯ ನಮ್ಮ ಸಮಿತಿಗೂ ಬಂದಿರಲಿಲ್ಲ.

ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ಹಕ್ಕಿಗಳ ಬಗ್ಗೆ ಆಕೆಗೆ ಚಿಂತೆ ಇರಲಿಲ್ಲ, ಅವು ಸಿಗುವುದಿಲ್ಲವೆಂದು ಗೊತ್ತಿತ್ತು. ನೋಡುತ್ತಿದ್ದದ್ದು ಪ್ಯಾಂಟುಗಳನ್ನು. "ಏಳು ನನ್ನ ಹೊಲಿಗೆ," ಎಂದಳು. "ಅಷ್ಟು ಜಗ್ಗಿದ್ರೂ ಒಂದೂ ಬಿಡಲಿಲ್ಲ ನೋಡಿ. ಎಂಟನೇದು ಹೊಸ ದರ್ಜೀದು. ದೇವರೇ ಕಾಪಾಡ್ಬೇಕು."

ದೇವರು ಕಾಪಾಡಲಿಲ್ಲ. ಕೆಸರಿನ ಬಾಯಲ್ಲಿ ಸಿಕ್ಕವನಿಗೆ ಕೈ ಕೊಡಲು ಎಂಟನೆಯವನು ಬಗ್ಗಿದ, ಪರ್ರೆಂದಿತು. ಅವನನ್ನು ನೋಡಿ ನಗು ತಡೆಯಲಾರದೆ ನಿರೀಕ್ಷಕರೂ ಬಗ್ಗಿದರು. ಅಕ್ಕನ ಬಳಿ ಬಿಟ್ಟಿದ್ದ ಪ್ಯಾಂಟು ಒಯ್ಯಲು ಮುಖವಿಲ್ಲದೆ ಅವರೂ ಬೇರೆ ಪ್ಯಾಂಟು ಹೊಲಿಸಿಕೊಂಡದ್ದು ಹೊಸ ದರ್ಜಿಯ ಬಳಿಯೇ. ಅದು ಇನ್ನೂ ದೊಡ್ಡದಾಗಿ ಪರ್ರೆಂದಿತು. ದಂತವೈದ್ಯರ ಕ್ಯಾಮೆರಾ ಒಂದೇ ಸಮನೆ ಟಕಟಕ ಅಂದಿತು.

ನಿರೀಕ್ಷಕರು ಗೋಡೆಗೆ ಬೆನ್ನು ಒರಸಿಕೊಂಡೇ ಅಡ್ಡಡ್ಡ ನಡೆದು ಅಂಗಡಿಗೆ ಬಂದರು. ಒಳಗೆ ಪರದೆಯ ಹಿಂದೆ ನಿಂತು, ಪ್ಯಾಂಟನ್ನು ಪರದೆಯ ಮೇಲಿಂದ ದಾಟಿಸಿದರು.

"ಒಳಗೆ ಬಟ್ಟೇನೇ ಬಿಟ್ಟಿಲ್ಲ," ಎಂದಳು ಅಕ್ಕ ತಿರುಗಿಸಿ ನೋಡಿ. "ನಿಮ್ಮಂಥವ್ರಿಗೆ ಎರಡಿಂಚು ಬಿಡ್ಬೇಕು ಅಂತ ತಿಳೀದವ್ನು ಎಂಥ ದರ್ಜಿ?"

"ಹೊಲೀರಿ ಅಕ್ಕ, ಮಾನ ಉಳಿಸಿ."

"ಹೊಲೀತೀನಿ. ಅಷ್ಟರಲ್ಲಿ ಮಹಜರು ಬರೀರಿ."

"ಒಂದೂ ಸಿಕ್ಕಿಲ್ವಲ್ಲ, ಏನಂತ ಬರೀಲಿ?"

"ಇದ್ದದ್ದು ಬರೀರಿ. 'ಅರವತ್ತೊಂದು ಕೋಳಿ ಇವೆ, ಹಿಡಿಯಲು ಆಗಲಿಲ್ಲ.'"

ಮೆಟ್ಟಿಲಿಂದ ಅತ್ತೆ: "'ಪ್ಯಾಂಟು ಹರೀತು' ಅಂತಾನೂ ಸೇರಿಸ್ಲಿ. ಸರ್ಕಾರಿ ಕಾಗ್ದ ಸಂಪೂರ್ಣ ಇರ್ಬೇಕು."

ಪರದೆಯ ಹಿಂದೆ ಪ್ಯಾಂಟಿಲ್ಲದೆ ನಿಂತ ಮನುಷ್ಯನಿಗೆ ವಾದ ಮಾಡುವ ಚೈತನ್ಯ ಇರುವುದಿಲ್ಲ. ನಿರೀಕ್ಷಕರು ಗೋಡೆಗೆ ಕಾಗದ ಒತ್ತಿ ಬರೆದರು, ಸಹಿ ಹಾಕಿದರು. ಅರವತ್ತೊಂದು ಕೋಳಿಗಳು ಅಲ್ಲಿವೆ ಎಂದು ಪುರಸಭೆ ತನ್ನ ಕೈಯಾರೆ, ಮೊಹರಿನ ಸಮೇತ ಒಪ್ಪಿಕೊಂಡದ್ದು ಹೀಗೆ. ನಾವು ಎಷ್ಟು ಧರಣಿ ಕೂತಿದ್ದರೂ ಸಿಗದಿದ್ದ ಕಾಗದ ಅದು. ಆಮೇಲೆ ಮೂರು ಸಲ ಬಲೆ ಹಿಡಿದು ಬಂದರು, ಮೂರು ಸಲವೂ ಕೆಸರು ಹೊತ್ತು ಹೋದರು. ನಾಲ್ಕನೇ ಸಲಕ್ಕೆ ಯಾರೂ ಬರಲೊಪ್ಪಲಿಲ್ಲ.

ಈಗ ಹೊಂಡದ ದಡದಲ್ಲಿ ಒಂದು ಹಲಗೆ ಇದೆ: "ಅನಧಿಕೃತ ಕೋಳಿ ಸಾಕಾಣಿಕೆ ಸ್ಥಳ. ಪ್ರಕರಣ ಬಾಕಿ ಇದೆ. ಮಣ್ಣು ಹಾಕಬಾರದು." ಪ್ರಕೃತಿ ಬಳಗದವರು ಆ ಹಲಗೆ ಕಾಣದಂತೆ ಕೋನ ಹಿಡಿದು ಫೋಟೋ ತೆಗೆದು, 'ನಮ್ಮ ಜಲಸಿರಿ' ಎಂದು ಕ್ಯಾಲೆಂಡರು ಅಚ್ಚು ಹಾಕಿಸಿದರು. ಅದರಲ್ಲಿ ಜಂಬುಕೋಳಿಗೆ ಒಂದು ತಿಂಗಳು ಪೂರ್ತಿ ಸಿಕ್ಕಿದೆ. ಒಂದು ಪ್ರತಿಯನ್ನು ಅಧ್ಯಕ್ಷರೇ ತಂದುಕೊಟ್ಟರು. ಅಕ್ಕ ಅದರ ಬೆನ್ನು ಖಾಲಿ ಇರುವುದನ್ನು ನೋಡಿ ಸಂತೋಷಪಟ್ಟಳು. ಕಾಲರಿಗೆ ಗಟ್ಟಿ ಕಾಗದ.

ಸಮವಸ್ತ್ರದ ಕೆಲಸ ಮಾತ್ರ ಮರಳಲಿಲ್ಲ. ನಾವು ಒಂದು ಮನವಿ ಕೊಟ್ಟೆವು, ಅದು ಯಾವುದೋ ಕಪಾಟಿನಲ್ಲಿ ಮಲಗಿದೆ. ಅಕ್ಕ ಈಗ ತೇಪೆ, ಜಿಪ್ಪು, ಸೊಂಟ ಸಡಿಲ, ಉದ್ದ ಕಡಿಮೆ, ಇಂಥ ಚಿಲ್ಲರೆ ಕೆಲಸದಲ್ಲೇ ದಿನ ದೂಡುತ್ತಾಳೆ. ಕಿಟಕಿಯ ಪಕ್ಕದಲ್ಲಿದ್ದ ಎರಡನೇ ಮಿಷಿನ್ನು ಮಾರಿದಳು. ಅದರ ಬಗ್ಗೆ ಕೇಳಿದರೆ, "ಜಾಗ ಆಯ್ತು, ಕಿಟಕಿ ಇನ್ನೂ ಚೆನ್ನಾಗಿ ಕಾಣುತ್ತೆ" ಎನ್ನುತ್ತಾಳೆ. ಹಾಗೆಂದು ಆಕೆಗೆ ಸುಖವಾಗಿದೆಯೆಂದು ನಾನು ಬರೆಯಲಾರೆ. ಆಕೆಯ ಪುಸ್ತಕದ ಸಂಗತಿ, ಸುಳ್ಳು ಅಳತೆ ಬರೆಯುವ ಹಾಗಿಲ್ಲ.

ಜಪ್ತಿ ಆಗದ ಸ್ವತ್ತನ್ನು ತಿಂಗಳಿಗೊಮ್ಮೆ ಎಣಿಸಿ ವರದಿ ಕೊಡಬೇಕೆಂಬುದೂ ನಿಯಮ, ಒಂಬತ್ತನೇ ಷರತ್ತು. ಹಾಗಾಗಿ ಪ್ರತಿ ತಿಂಗಳ ಮೊದಲ ದಿನ ಬೆಳಗ್ಗೆ ಆರೋಗ್ಯ ನಿರೀಕ್ಷಕರು ಇಬ್ಬರನ್ನು ಕರೆದುಕೊಂಡು ಬರುತ್ತಾರೆ. ಇಲ್ಲದ ಪಾರ್ಕಿಂಗಿಗೆ ಹೊಲಿಸಿದ್ದ ನೀಲಿ ಅಂಗಿಗಳನ್ನು ಆ ಇಬ್ಬರಿಗೆ ಹಾಕಿಸಿದ್ದಾರೆ. ದೂರದಿಂದ ಎರಡು ದಪ್ಪ ಜಂಬುಕೋಳಿ ನಿಂತ ಹಾಗೆ ಕಾಣುತ್ತದೆ. ನಿರೀಕ್ಷಕರು ಅಕ್ಕನ ಕಿಟಕಿಯಲ್ಲೇ ನಿಂತು ಎಣಿಸುತ್ತಾರೆ, ಅಕ್ಕ ಮಿಷಿನ್ ಮುಂದೆ ಕೂತು ಎಣಿಸುತ್ತಾಳೆ. ಮೊದಮೊದಲು ಅವರಿಗೆ ಎಲ್ಲವೂ 'ಕೋಳಿ'. ಈಗ ನೀರುಕೋಳಿಯ ಕೊಕ್ಕಿನ ತುದಿ ಹಳದಿ ಇದೆಯೋ ಇಲ್ಲವೋ ಎಂದು ದಾರದ ಪಕ್ಕ ಹಿಡಿದು ನೋಡುತ್ತಾರೆ. ಕಳೆದ ತಿಂಗಳು ತಮ್ಮ ಹೆಂಡತಿಯನ್ನೂ ಕರೆತಂದು ತೋರಿಸಿದರು. ಆಕೆ ಹಕ್ಕಿ ನೋಡುವ ಮೊದಲು ಪುಸ್ತಕದಲ್ಲಿ ಗಂಡನ ಸೊಂಟ ನೋಡಿದಳು ಎಂಬುದು ಬೇರೆ ಮಾತು.

ಈ ತಿಂಗಳು ಅವರ ಲೆಕ್ಕಕ್ಕೂ ಅಕ್ಕನ ಲೆಕ್ಕಕ್ಕೂ ತಾಳೆಯಾಗಲಿಲ್ಲ.

"ಅರವತ್ತೊಂದು," ಎಂದು ಬರೆದರು ನಿರೀಕ್ಷಕರು.

"ಅರವತ್ತೇಳು," ಎಂದಳು ಅಕ್ಕ, ತಲೆ ಎತ್ತದೆ. "ಜೊಂಡಿನ ಎಡಗಡೆ ನೀರುಕೋಳಿ ಮರಿ ಆರು. ಕರೀ ಉಂಡೆ ಥರ ಇವೆ ನೋಡಿ."

"ಕಂಡೆ ಅಕ್ಕ, ಕಂಡೆ. ಮರಿ ಸೇರ್ಸೋ ಹಾಗಿಲ್ಲ. ಕೇಸಿರೋದು ಅರವತ್ತೊಂದರ ಮೇಲೆ."

"ಇವೆಯೋ ಇಲ್ವೋ?"

"ಇವೆ. ಆದ್ರೆ ಬರೆದ್ರೆ ಹೆಚ್ಚುವರಿ ಆರು ಅನಧಿಕೃತ ಕೋಳಿ ಅಂತ ನಿಮ್ಮ ಮೇಲೆ ಇನ್ನೊಂದು ಕೇಸ್ ಹಾಕ್ಬೇಕಾಗುತ್ತೆ."

ಅಕ್ಕ ದಾರ ಕಚ್ಚಿ ತುಂಡರಿಸಿದಳು. ಸೂಜಿಗೆ ಕಪ್ಪು ಪೋಣಿಸಿ ಪುಸ್ತಕ ಎಳೆದುಕೊಂಡಳು.

"ಹಾಕಿ," ಎಂದಳು.